ಗೂಡಿನಿಂದ ಇಳಿದ ಉಳಿ

"ಬುದ್ಧೀ, ಹಿರಿಯ ಗುರುಗಳ ಹಾವುಗೆಯನ್ನು ನಾನು ದಿನವೂ ಹಾಲೆರೆದು ತೊಳೆಯುತ್ತೇನೆ, ಹೂವಿಡುತ್ತೇನೆ, ದೀಪ ಹಚ್ಚುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ. ಆದರೂ ಅವರು ನನ್ನಿಂದ ದೂರ ಹೋಗುತ್ತಿದ್ದಾರೆ. ಮೊನ್ನೆ ಅವರ ದನಿಯನ್ನು ನೆನೆಸಿಕೊಳ್ಳಲು ಹೋದೆ, ನೆನಪಾಗಲೇ ಇಲ್ಲ. ನನ್ನ ಭಕ್ತಿಯಲ್ಲಿ ಏನು ಕೊರತೆ?"

ಹೀಗೆ ಕೇಳಿದವನು ಮಠದ ಶಿಷ್ಯ ರೇವಯ್ಯ. ಹಿರಿಯ ಗುರುಗಳು ಬದುಕಿದ್ದಾಗ ಅದೇ ಹಾವುಗೆ ಮೆಟ್ಟಿಕೊಂಡು ಹೊಳೆಯಾಚೆಯ ಹಳ್ಳಿಗಳಿಗೆ ನಡೆದು ಹೋಗಿ ಪಾಠ ಹೇಳುತ್ತಿದ್ದರು. ಅವರು ಹೋದ ಮೇಲೆ ಹಳ್ಳಿಯವರು ಬಂದು ರೇವಯ್ಯನನ್ನು ಕರೆದರು. ಅಂಥವರು ಕೂತ ಜಾಗದಲ್ಲಿ ಕೂರಲು ನನಗೇನು ಯೋಗ್ಯತೆ ಎಂದು ಅವನು ಕೈಮುಗಿದು ಕಳಿಸಿಬಿಟ್ಟಿದ್ದ. ಈಗಿನ ಗುರುಗಳಿಗೆ ಇದು ಗೊತ್ತಿತ್ತು. ಅವರು ಕೊರತೆ ಏನೆಂದು ಹೇಳಲಿಲ್ಲ. ಕೂರು ಎಂದು ಸನ್ನೆ ಮಾಡಿ ಕತೆಗೆ ತೊಡಗಿದರು.

ಒಂದು ಊರಿನಲ್ಲಿ ಮರ ಕಡೆಯುವವರ ಕೇರಿಯಿತ್ತು. ಪ್ರತಿ ಮನೆಯ ಮುಂದೆಯೂ ಮರ ಕಡೆಯುವ ತಿರುಗಣೆ. ಎಲ್ಲರೂ ಕಡೆಯುತ್ತಿದ್ದದ್ದು ಲಟ್ಟಣಿಗೆ, ಬುಗುರಿ, ಮಂಚದ ಕಾಲು. ದೊಡ್ಡ ಮರಿಗೆ ಕಡೆಯಬಲ್ಲವನು ಒಬ್ಬನೇ. ಮದುವೆಮನೆಯ ಅನ್ನವನ್ನೆಲ್ಲ ಬಸಿದು ಹರವಿದರೂ ಇನ್ನಷ್ಟು ಹಾಕಿ ಎನ್ನುವಂಥ ಪಾತ್ರೆ ಅದು. ಒಂದೇ ಹಲಸಿನ ದಿಮ್ಮಿಯಿಂದ ತೆಗೆದದ್ದು, ಎಲ್ಲೂ ಜೋಡಣೆಯಿಲ್ಲ. ಅಂಥ ಮರಿಗೆ ಮನೆಯಲ್ಲಿದ್ದರೆ ಜನ ಬಂದವರಿಗೆಲ್ಲ ಬೇಕೆಂದೇ ಒಳಗೆ ಕರೆದು ತೋರಿಸುತ್ತಿದ್ದರು.

ಮರಿಗೆ ಕಡೆಯುವುದು ಅವಸರದವರ ಕೆಲಸವಲ್ಲ. ಮರ ಹಸಿಯಾಗಿರುವಾಗ ಒಮ್ಮೆ ದಪ್ಪಗೆ, ಒರಟಾಗಿ ಕಡೆಯಬೇಕು. ಆಮೇಲೆ ಅದನ್ನು ಕಡೆಯುವಾಗ ಉದುರಿದ ಅದರದೇ ಹೊಟ್ಟಿನಲ್ಲಿ ಹೂತು ನೆರಳಿನಲ್ಲಿ ಒಣಗಲು ಬಿಡಬೇಕು. ಒಣಗುತ್ತ ಮರ ತನಗೆ ಬೇಕಾದಂತೆ ಸೊಟ್ಟಗಾಗುತ್ತದೆ. ಅದರ ಹಟವೆಲ್ಲ ಮುಗಿಯುವವರೆಗೂ ಕಾದು, ಮತ್ತೆ ತಿರುಗಣೆಗೆ ಏರಿಸಿ, ತೆಳ್ಳಗೆ ಕಡೆದು ಒಪ್ಪ ಮಾಡಬೇಕು.

ಒಬ್ಬರ ಕೈಯಲ್ಲಿ ಆಗುವ ಕೆಲಸವೂ ಅಲ್ಲ. ತಿರುಗಣೆಗೆ ಸುತ್ತಿದ ಹಗ್ಗವನ್ನು ಇನ್ನೊಬ್ಬರು ಎಳೆಯಬೇಕು. ಒಂದು ತುದಿ ಎಳೆದರೆ ಮರ ಮುಂದಕ್ಕೆ ತಿರುಗುತ್ತದೆ, ಇನ್ನೊಂದು ತುದಿ ಎಳೆದರೆ ಹಿಂದಕ್ಕೆ. ಮುಂದಕ್ಕೆ ಬರುವಾಗ ಉಳಿ ತಾಗಿಸಬೇಕು, ಹಿಂದಕ್ಕೆ ಹೋಗುವಾಗ ಬಿಡಬೇಕು. ಹಾಗೆ ಬಿಡುವಾಗ ಈ ಮರಿಗೆ ಕಡೆಯುವವನಿಗೊಂದು ಅಭ್ಯಾಸ. ಉಳಿಗೆ ಆಸರೆಯಾಗಿ ಹಾಕಿದ ಅಡ್ಡಮರವನ್ನು ಉಳಿಯ ಹಿಡಿಯಿಂದ ಟಕ್ಕೆಂದು ತಟ್ಟುತ್ತಿದ್ದ. ಕೇರಿಯಲ್ಲಿ ಬೇರೆ ಯಾರೂ ಹಾಗೆ ತಟ್ಟುತ್ತಿರಲಿಲ್ಲ. ಹಗ್ಗ ಎಳೆಯುವವರು ಆ ಸದ್ದು ಕೇಳಿಯೇ ಕೈ ಬದಲಿಸುತ್ತಿದ್ದರು.

ಮೊದಲು ಅವನ ಹಗ್ಗ ಎಳೆದವನು ಪಕ್ಕದ ಮನೆಯ ಯುವಕ. ಅವನು ಮುಂದೆ ಸ್ವಂತ ತಿರುಗಣೆ ಹಾಕಿಕೊಂಡು, ವಯಸ್ಸಾದ ಮೇಲೆ ಕೇರಿಯ ಯಜಮಾನನಾದ. ಅವನ ನಂತರ ಹಗ್ಗ ಹಿಡಿದವಳು ಮರಿಗೆ ಕಡೆಯುವವನ ಹೆಂಡತಿ. ಮದುವೆಯಾಗಿ ಬಂದವಳು ಹಗ್ಗ ಹಿಡಿದಳು, ಅವನು ಸಾಯುವವರೆಗೂ ಬಿಡಲಿಲ್ಲ.

ಅವನು ಸತ್ತ. ಆ ಕೇರಿಯಲ್ಲಿ ಒಂದು ಪದ್ಧತಿಯಿತ್ತು. ತೀರಿಹೋದವನ ಉಳಿಗಳನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಗೋಡೆಯ ಗೂಡಿನಲ್ಲಿಟ್ಟು ಪೂಜಿಸಬೇಕು. ಮತ್ತೆ ಯಾರೂ ಅವನ್ನು ಕೆಲಸಕ್ಕೆ ಹಿಡಿಯಬಾರದು. ಇವನ ಉಳಿಗಳೂ ಗೂಡು ಸೇರಿದವು. ಅವನು ಒರಟಾಗಿ ಕಡೆದಿಟ್ಟ ಕೊನೆಯ ಮರಿಗೆ ಇನ್ನೂ ಹೊಟ್ಟಿನಲ್ಲಿ ಒಣಗುತ್ತಿತ್ತು. ಕೇರಿಯವರು ಭಕ್ತಿಯಿಂದ ಅದನ್ನೂ ಹೊರತೆಗೆದು, ಗೂಡಿನ ಕೆಳಗೆ ಇಟ್ಟು, ಅದರ ಹೊಟ್ಟೆಯೊಳಗೇ ಒಂದು ದೀಪ ಹಚ್ಚಿದರು. ಮರದ ಕೆಲಸದಲ್ಲೇ ಮುದುಕರಾದವರು ನೋಡು ಅವರು! ಬೇರೆ ಯಾರಾದರೂ ಒಣಗುವ ಮರದ ಹತ್ತಿರ ಬೆಂಕಿ ತಂದಿದ್ದರೆ ಅಟ್ಟಿಸಿಕೊಂಡು ಹೋಗಿ ಹೊಡೆಯುತ್ತಿದ್ದರು. ಪೂಜೆಗೆ ಕೂತ ಮೇಲೆ ಅದು ಮರ ಎಂಬುದೇ ಅವರಿಗೆ ಮರೆತುಹೋಯಿತು.

ಹೆಂಡತಿಗೂ ಮೊದಮೊದಲು ಇದು ಸಮಾಧಾನ ತಂದಿತು. ಅವಳೂ ಹೂವಿಟ್ಟಳು, ಎಣ್ಣೆ ಹೊಯ್ದಳು. ಬರಬರುತ್ತ ಒಂದು ವಿಷಯ ಅವಳನ್ನು ಹೆದರಿಸಿತು. ಗಂಡನ ಮುಖ ಕಣ್ಣ ಮುಂದೆ ಬರುತ್ತಿತ್ತು, ಕೈ ಬರುತ್ತಿರಲಿಲ್ಲ. ದಿನವಿಡೀ ಎದುರಿಗೆ ಕೂತು ನೋಡಿದ ಕೈ. ಉಳಿಯ ಮೇಲೆ ಯಾವ ಬೆರಳಿರುತ್ತಿತ್ತು, ಮಣಿಕಟ್ಟು ಎತ್ತ ಬಾಗುತ್ತಿತ್ತು, ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಗೂಡಿನ ಉಳಿಗಳ ಮೇಲೆ ಕುಂಕುಮ ದಪ್ಪಗಾಗುತ್ತಿತ್ತು, ಒಳಗೆ ತುಕ್ಕು ಹಿಡಿಯುತ್ತಿತ್ತು.

ಒಂದು ಬೆಳಿಗ್ಗೆ ಕೇರಿಯವರೆಲ್ಲ ಪೂಜೆಗೆ ಸೇರಿದ್ದಾಗ ಮರಿಗೆಯಿಂದ ಚಿಟ್ ಎಂಬ ಸದ್ದು ಬಂತು. ಅವಳು ಬಗ್ಗಿ ನೋಡಿದಳು. ಅಂಚಿನಿಂದ ಕೆಳಕ್ಕೆ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಅವಳ ಮೈ ಉರಿದುಹೋಯಿತು. ಎಲ್ಲರ ಎದುರಿಗೇ ಉರಿಯುವ ಬತ್ತಿಯನ್ನು ಬೆರಳಿನಿಂದ ಹಿಸುಕಿ ಹಣತೆಯನ್ನು ಆಚೆಗಿಟ್ಟಳು.

"ಅತ್ತಿಗೇ, ಏನ್ ಮಾಡ್ಬಿಟ್ರಿ! ಅಣ್ಣನ ದೀಪ ಅದು," ಎಂದ ಯಜಮಾನ.

"ಇದು ನಿಮ್ಮಣ್ಣನ ಮರಿಗೆ. ಸೀಳ್ತಾ ಇದೆ, ಕಣ್ಣು ಕಾಣಲ್ವ?" ಎಂದು ಅವಳು ಗೂಡಿಗೆ ಕೈಹಾಕಿ ಉಳಿ ತೆಗೆದಳು, ಸೆರಗಿನಿಂದ ಕುಂಕುಮ ಒರೆಸಿದಳು.

"ಕೆಳಗಿಡಿ ಅದನ್ನ. ಅವರ ಹೆಸರಿಗೆ ಮಸಿ ಬಳೀಬೇಡಿ."

"ಹೆಸರು ಕಟ್ಕೊಂಡು ನಾನೇನ್ ಮಾಡ್ಲಿ? ನಂಗೆ ಅವರ ಕೈ ಬೇಕು."

ಅವಳು ಉಳಿ ಮಸೆದಳು, ಮರಿಗೆಯನ್ನು ತಿರುಗಣೆಗೆ ಏರಿಸಿದಳು, ಗಂಡ ಕೂರುತ್ತಿದ್ದ ಜಾಗದಲ್ಲಿ ಕೂತಳು. ಆದರೆ ಹಗ್ಗ ಎಳೆಯಲು ಯಾರೂ ಬರಲಿಲ್ಲ. ಹಗ್ಗ ಎಳೆದವಳು ಉಳಿ ಹಿಡಿಯುವುದೆಂದರೇನು ಎಂದು ಕೇರಿಯೆಲ್ಲ ಮುಖ ತಿರುಗಿಸಿತು. ಅವಳು ಎದ್ದು ಹೋಗಲಿಲ್ಲ. ಹಗಲೆಲ್ಲ ಉಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೋಗಿಬರುವವರನ್ನು ನೆಟ್ಟ ನೋಟದಿಂದ ನೋಡುತ್ತ ಕೂತಳು. ಮಾರನೆಯ ದಿನವೂ ಕೂತಳು. ಜನ ಆ ದಾರಿ ಬಿಟ್ಟು ಬಳಸಿಕೊಂಡು ಓಡಾಡತೊಡಗಿದರು.

ಕೊನೆಗೆ ಯಜಮಾನನೇ ಬಂದ. ಮರಿಗೆ ಕೆಟ್ಟರೆ ಉಳಿ ಗೂಡಿಗೆ ವಾಪಸು, ಆಮೇಲೆ ಎಂದೂ ಮುಟ್ಟಕೂಡದು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹಗ್ಗ ಹಿಡಿದ. ಅವಳ ಹಟ ಮುರಿಯಲೆಂದೇ ಬಂದಿದ್ದ. ಅವಳು ಒಪ್ಪಿದಳು.

ಮರ ತಿರುಗಿತು. ಉಳಿ ತಾಗಿದ ಕೂಡಲೇ ಹಾರಿತು, ಮರಿಗೆಯ ಪಕ್ಕದಲ್ಲಿ ಗೀರು ಬಿತ್ತು. ನಿಂತು ನೋಡುತ್ತಿದ್ದವರು ನಕ್ಕರು. ಅವಳು ತುಟಿ ಕಚ್ಚಿ ಮತ್ತೆ ತಾಗಿಸಿದಳು. ಈ ಸಲ ಉಳಿ ಹಿಡಿದದ್ದು ಸೀಳಿನ ಕೆಳಗೆ. ಅವಳು ಏನು ಮಾಡುತ್ತಿದ್ದಾಳೆಂದು ಯಜಮಾನನಿಗೆ ಆಗ ಹೊಳೆಯಿತು. ಸತ್ತವನು ಕಡೆದಿಟ್ಟಿದ್ದ ಅಂಚನ್ನೇ ಅವಳು ಕತ್ತರಿಸಿ ತೆಗೆಯುತ್ತಿದ್ದಳು. ಸೀಳು ಬಿಟ್ಟ ಅಂಚು ಬಳೆಯ ಹಾಗೆ ಕಳಚಿ ನೆಲಕ್ಕೆ ಬಿತ್ತು. ಅವಳು ಅದರತ್ತ ನೋಡಲೂ ಇಲ್ಲ.

ಹೊತ್ತು ಏರಿತು. ನಕ್ಕವರು ಬೇಸತ್ತು ಮನೆಗೆ ಹೋದರು. ಹೊಟ್ಟು ಈಗ ಎಳೆಎಳೆಯಾಗಿ ಸುರುಳಿ ಸುತ್ತಿ ಬರತೊಡಗಿತ್ತು. ಆಗ ಟಕ್ಕೆಂದಿತು. ಅವಳಿಗೆ ತಾನು ತಟ್ಟಿದ್ದು ತಿಳಿಯಲಿಲ್ಲ. ಮತ್ತೆ ಟಕ್. ಯಜಮಾನನ ಕೈ ತಾನಾಗಿಯೇ ಹಗ್ಗ ಬದಲಿಸಿತು, ಯೌವನದಲ್ಲಿ ಬದಲಿಸುತ್ತಿದ್ದ ಹಾಗೆಯೇ. ದಿನವೂ ಹೂವಿಟ್ಟು ಕೈಮುಗಿದರೂ ಒಮ್ಮೆಯೂ ಬಾರದಿದ್ದ ಅಣ್ಣ, ಈಗ ಎದುರಿಗೆ ಕೂತು ಎಳೆಯೋ ಎಂದ ಹಾಗಾಯಿತು. ಯಜಮಾನ ಹಗ್ಗ ಬಿಡದೆ ಬಿಕ್ಕಿ ಬಿಕ್ಕಿ ಅತ್ತ. ಅವಳು ತನ್ನ ಕೈಯನ್ನೇ ನೋಡುತ್ತಿದ್ದಳು. ಹೆಬ್ಬೆರಳು ಉಳಿಯ ಮೇಲಿತ್ತು, ಮಣಿಕಟ್ಟು ಒಳಕ್ಕೆ ಬಾಗಿತ್ತು. ಹೌದು, ಅವನದೂ ಹಾಗೆಯೇ ಇರುತ್ತಿತ್ತು.

ಸಂಜೆಗೆ ಮರಿಗೆ ಸಿದ್ಧವಾಯಿತು. ಆಳ ಕಡಿಮೆ, ಪಕ್ಕದಲ್ಲಿ ಮಾಯದ ಗೀರು. ಯಜಮಾನ ಕಣ್ಣೊರೆಸಿಕೊಂಡು, "ಅಣ್ಣ ಮನಸ್ಸಲ್ಲಿಟ್ಕೊಂಡಿದ್ದ ಮರಿಗೆ ಇಷ್ಟು ಚಿಕ್ಕದಲ್ಲ ಅತ್ತಿಗೆ," ಎಂದ.

"ಅಲ್ಲ. ಅದನ್ನ ನೀವೆಲ್ಲ ದೀಪ ಹಚ್ಚಿ ಸೀಳಿಸಿದ್ರಿ, ನಾನೂ ಎಣ್ಣೆ ಹೊಯ್ದೆ. ಇದು ಉಳಿದದ್ದು, ಇದರಲ್ಲಿ ಅನ್ನ ಬಸೀಬಹುದು. ಹೊಸ ಹಲಸಿನ ದಿಮ್ಮಿ ಕೊಯ್ಸೋಕೆ ಹೇಳಿದೀನಿ, ನಾಳೆ ಬೇಗ ಬನ್ನಿ, ಹಗ್ಗ ಎಳೀಬೇಕು," ಎಂದಳು ಅವಳು.

ಅವನು ಬಂದ. ಆ ಉಳಿ ಮತ್ತೆ ಗೂಡಿಗೆ ಹೋಗಲಿಲ್ಲ. ಗೂಡಿನಲ್ಲಿ ಅವಳು ಮಸೆಯುವ ಕಲ್ಲು, ಎಣ್ಣೆಯ ಬಟ್ಟಲು ಇಟ್ಟುಕೊಂಡಳು. ಕೇರಿಯಲ್ಲಿ ಕೆಲವರು ಕೊನೆಯವರೆಗೂ ಗೊಣಗಿದರು, ಅವರ ಮನೆಯ ಮದುವೆಗಳಿಗೂ ಮರಿಗೆ ಹೋದದ್ದು ಅವಳ ಮನೆಯಿಂದಲೇ. ಮಸೆದು ಮಸೆದು ಉಳಿ ಮೋಟಾಯಿತು. ಮೋಟಾದ ಉಳಿಯನ್ನು ಕಮ್ಮಾರನ ಕುಲುಮೆಗೆ ಹಾಕಿಸಿ ಬೇರೆ ಮಾಡಿಸಿಕೊಂಡಳು.

ಇಷ್ಟು ಹೇಳಿ ಗುರುಗಳು ಎದ್ದರು. ಪೀಠದ ಮೇಲಿನ ಹೂಗಳನ್ನು ಪಕ್ಕಕ್ಕೆ ಸರಿಸಿ, ಹಿರಿಯ ಗುರುಗಳ ಹಾವುಗೆಯನ್ನು ಎತ್ತಿ ತಂದು ರೇವಯ್ಯನ ಕಾಲ ಬಳಿ ನೆಲದ ಮೇಲಿಟ್ಟರು. ಹೊಳೆಯಾಚೆಯ ದಾರಿಯತ್ತ ಕೈ ತೋರಿದರು.

ರೇವಯ್ಯ ಕಾಲನ್ನು ಹಿಂದಕ್ಕೆಳೆದುಕೊಂಡ. "ಬುದ್ಧೀ, ಅವರದು ಅಂತ ಉಳಿದಿರುವುದು ಇದೊಂದೇ. ನಾನು ಮೆಟ್ಟಿ ನಡೆದರೆ ಸವೆದುಹೋಗುತ್ತದಲ್ಲ?" ಎಂದ.

"ಸವೆಸಿಕೊಂಡು ಬಾ," ಎಂದರು ಗುರುಗಳು.