ಮಡಕೆ ಗುರುತಿನ ಕಲ್ಲು

ಒಂದಾನೊಂದು ಕಾಲದಲ್ಲಿ, ಅಂದ್ರೆ ರಾಜರು ಬರ್ತಾರೆ ಅಂದ ದಿನ ಮಾತ್ರ ಬೀದಿ ಗುಡಿಸ್ತಿದ್ದ ಕಾಲದಲ್ಲಿ, ಕೆರೆಕೆಳಗಲಪುರ ಅಂತ ಒಂದು ಊರಿತ್ತಂತೆ. ಊರಿಗೊಂದು ದೊಡ್ಡ ಕೆರೆ, ಕೆರೆಗೊಂದು ಏರಿ, ಏರಿಯಲ್ಲೊಂದು ತೂತು. ಆ ತೂತಿನ ನೇರಕ್ಕೆ ಕೆಳಗೆ ಕುಂಬಾರರ ಮುದ್ದವ್ವನ ಮನೆ. ಊರಿಗೆಲ್ಲ ಕುಂಬಾರರ ಮನೆ ಅದೊಂದೇ. ಮನೆ ಮುಂದೆ ಅವಳ ಆವಿಗೆ. ಆವಿಗೆ ಅಂದ್ರೆ ಮಡಕೆ ಸುಡೋ ಗೂಡು ಪುಟ್ಟೀ. ಏರಿಯಿಂದ ನೀರು ಜಿನುಗಿ ಜಿನುಗಿ ಆವಿಗೆಯ ನೆಲವೆಲ್ಲ ಹಸಿ. ಹಸಿ ನೆಲದಲ್ಲಿ ಬೆಂಕಿ ಹಾಕಿದ್ರೆ ಮಡಕೆ ಬೇಯುತ್ತಾ? ಅರ್ಧಂಬರ್ಧ ಬೆಂದು, ಸಂತೆಗೆ ಹೊರೋವಾಗ್ಲೇ ಟಪ್ ಅಂತ ಒಡೀತಿದ್ವಂತೆ. ಅವಳಿಗೆ ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ಏರಿ ಏನಾದ್ರೂ ಒಡೆದ್ರೆ ಮೊದಲು ಕೊಚ್ಚಿಕೊಂಡು ಹೋಗೋದು ತಮ್ಮ ಮನೇನೇ ಅಂತ ಅವಳಿಗೆ ಗೊತ್ತಿತ್ತಂತೆ.

ಆಮೇಲೆ ರಾಜನ ಅಪ್ಪಣೆ ಬಂತಂತೆ. ಏರಿ ಭದ್ರ ಮಾಡೋಕೆ ವರ್ಷಕ್ಕೆ ಮನೆಗೊಂದು ಕಲ್ಲು ಕಂದಾಯ ಅಂತ. ವಸೂಲಿಗೆ ಸುಬ್ಬರಾಜಯ್ಯ ಅನ್ನೋ ಪಾರುಪತ್ಯಗಾರ ಬಂದ. ತಗೊಳ್ಳೋದ್ರಲ್ಲಿ ಬಲು ಕಟ್ಟುನಿಟ್ಟು. ಕಲ್ಲು ಮೊಳ ಉದ್ದ ಇರಬೇಕು, ಮೂಲೆ ಮುಕ್ಕಾಗಿರಬಾರದು, ಯಾರು ಕೊಟ್ಟಿದ್ದು ಅಂತ ತಿಳಿಯೋಕೆ ಅವರವರ ಕಸುಬಿನ ಗುರುತು ಕೆತ್ತಿರಬೇಕು. ಗಾಣಿಗರದು ಗಾಣ, ನೇಕಾರರದು ಲಾಳಿ, ಕುರುಬರದು ಟಗರಿನ ಕೊಂಬು. ಮುದ್ದವ್ವ ಗುಡ್ಡದಿಂದ ಕಲ್ಲು ಹೊತ್ತು ತಂದು, ಯಾರದೋ ಉಳಿ ಕೇಳಿ ತಂದು, ಮಡಕೆ ಕೆತ್ತಿ ಒಪ್ಪಿಸಿದ್ರೆ, ಸುಬ್ಬರಾಜಯ್ಯ ಬಗ್ಗಿ ನೋಡಿ, ಇದಕ್ಕೆ ಕಂಠ ಎಲ್ಲಿದೆಯಮ್ಮ, ಇದು ಮಡಕೆಯೋ ಕುಂಬಳಕಾಯಿಯೋ ಅಂತ ವಾಪಸ್ ಕಳಿಸಿದನಂತೆ. ಅವಳು ಗೊಣಗಲಿಲ್ಲ. ನಿಯಮ ಅಂದ್ಮೇಲೆ ನಿಯಮ ಅಂತ ಕಂಠ ಕೆತ್ತಿ, ಅದೇ ಕಲ್ಲನ್ನ ಮತ್ತೆ ಹೊತ್ತುಕೊಂಡು ಹೋಗಿ ಕೊಟ್ಲಂತೆ.

ಮಳೆಗಾಲ ಬಂತು. ಏರಿ ಮೇಲೆ ಒಂದು ಕಲ್ಲೂ ಬೀಳಲಿಲ್ಲ. ಮುದ್ದವ್ವ ಹೋಗಿ, ಸ್ವಾಮಿ, ನಮ್ಮ ಕಲ್ಲು ಎಲ್ಲಿ ಅಂತ ಕೇಳಿದ್ಲಂತೆ. ಕಲ್ಲು ಎಣಿಸೋಕೆ ಕೂರೋ ಜಾಗ ಬೇಡ್ವೇನಮ್ಮ, ಅದಕ್ಕೇ ಕಚೇರಿ ಕಟ್ಟಿಸಿದೀವಿ, ಏರಿ ಕೆಲಸ ಮುಂದಿನ ವರ್ಷ ಅಂದನಂತೆ ಅವನು. ನೋಡಿದ್ರೆ ಹೌದು, ಊರಾಚೆ ದಿಣ್ಣೆ ಮೇಲೆ, ಹುಣಸೆಮರದ ನೆರಳಲ್ಲಿ ಚೆಂದದ ಕಚೇರಿ. ಯಾವ ಮನೆಯವರು ಕೊಟ್ಟಿಲ್ಲ ಅಂತ ಹಿಡಿಯೋಕೆ, ಗುರುತೆಲ್ಲ ಹೊರಗೆ ಕಾಣೋ ಹಾಗೇ ಇಟ್ಟು ಕಟ್ಟಿಸಿದ್ದ. ಬೆರಳು ತೂರುವಷ್ಟಿದ್ದ ಏರಿಯ ತೂತು ಮುಷ್ಟಿ ತೂರುವಷ್ಟಾಯ್ತಂತೆ.

ಆಮೇಲೆ ಎರಡನೇ ವರ್ಷ. ಮತ್ತೆ ಕಲ್ಲು, ಮತ್ತೆ ಕಂಠ ಇರೋ ಮಡಕೆ, ಮತ್ತೆ ಅದೇ ಪ್ರಶ್ನೆ. ಈ ಸಲ ಕಚೇರಿ ಸುತ್ತ ಗೋಡೆ ಎದ್ದಿತ್ತು. ಊರವರ ಕಲ್ಲನ್ನ ಕಳ್ಳರು ಹೊತ್ತುಕೊಂಡು ಹೋದ್ರೆ ನಾಳೆ ನೀವೇ ನನ್ನ ಕೇಳ್ತೀರ, ಅದಕ್ಕೇ ಈ ಗೋಡೆ ಅಂದನಂತೆ. ಮುದ್ದವ್ವ ಗೋಡೆಯಾಚೆ ಇಣುಕಿದ್ರೆ ಒಳಗೆ ಕಾಯೋಕೆ ಒಂದು ಕಲ್ಲೂ ಉಳಿದಿರಲಿಲ್ಲ, ಎಲ್ಲ ಗೋಡೆಗೇ ಆಗಿಹೋಗಿತ್ತು. ವಾಪಸ್ ಬರೋವಾಗ ನೇಕಾರ ಸಂಗಪ್ಪ ಜಗಲಿಯಿಂದಲೇ ನಗ್ತಾ, ಅಕ್ಕಾ, ನಿನಗ್ಯಾಕೆ ಊರ ಉಸಾಬರಿ, ಮುಂದಿನ ಸಲ ಒಂದು ಪುಡಿಗಲ್ಲು ಎಸೆದು ಬಾ, ಹೆಂಗೂ ಏರಿಗೆ ಹೋಗಲ್ವಲ್ಲ ಅಂದನಂತೆ. ಅವಳು ನಿಂತು ಹೇಳಿದ್ಲಂತೆ, ಕೊಡೋದ್ರಲ್ಲಿ ನಾನೇ ಮೋಸ ಮಾಡಿದ್ರೆ ಆಮೇಲೆ ಕೇಳೋಕೆ ನಂಗೆ ಬಾಯಿ ಎಲ್ಲಿರುತ್ತೋ ಸಂಗಪ್ಪ. ತೂತು ಈಗ ಕೊಡ ತೂರುವಷ್ಟಾಗಿತ್ತು.

ಮೂರನೇ ವರ್ಷ ಕಚೇರಿ ಮುಂದೆ ಮಂಟಪ ಎದ್ದಿತಂತೆ. ಇದ್ಯಾಕೆ ಸ್ವಾಮಿ ಅಂದ್ರೆ, ಏರಿ ಭದ್ರವಾಯ್ತು ಅಂತ ಶಾಸನ ನಿಲ್ಲಿಸೋಕಮ್ಮ ಅಂದ. ಏರಿ ಇನ್ನೂ ಮುಟ್ಟೇ ಇಲ್ವಲ್ಲ ಅಂದ್ರೆ, ಮೊದಲು ಶಾಸನ ನಿಲ್ಲಲಿ, ಏರಿ ಎಲ್ಲಿಗೆ ಓಡಿಹೋಗುತ್ತೆ ಅಂದುಬಿಟ್ಟ.

ಮುದ್ದವ್ವನಿಗೆ ಮೈಯೆಲ್ಲ ಉರಿದುಹೋಯ್ತಂತೆ. ಎಲ್ಲಿಗೆ ಅಂದ್ರೆ, ನನ್ನ ಮನೆ ಒಳಕ್ಕೇ ಓಡಿಬರುತ್ತೆ ಸ್ವಾಮಿ, ಅಂತ ಹೇಳಿ ಬಂದುಬಿಟ್ಲಂತೆ.

ನಿದ್ದೆ ಬಂತಾ? ಇನ್ನೊಂಚೂರು ಕೇಳು.

ಶಾಸನದ ಪೂಜೆಗೆ ಅಂತ ರಾಜನೇ ಬಂದನಂತೆ. ತೋರಣ, ವಾಲಗ, ಪಾನಕ. ಸುಬ್ಬರಾಜಯ್ಯ ಮೂರು ವರ್ಷದ ಲೆಕ್ಕ ಓದಿದ. ಇಂಥವರ ಕಲ್ಲು ಬಂತು, ಇಂಥವರದು ಬಂತು, ಒಂದೂ ತಪ್ಪಿಲ್ಲ. ರಾಜ ತಲೆದೂಗ್ತಾ ಇದ್ದಾಗ ಮುದ್ದವ್ವ ಗುಂಪಿನಿಂದ ಮುಂದೆ ಬಂದು, ನಂದು ಮೂರು ಕಲ್ಲು ಬುದ್ಧಿ, ಮಡಕೆ ಗುರುತಿಂದು, ಏರೀಲಿ ಎಲ್ಲಿದೆ ಅಂತ ಒಂದ್ಸಲ ತೋರಿಸಿಬಿಡಿ ಅಂದ್ಲಂತೆ. ಸುಬ್ಬರಾಜಯ್ಯ, ಇವಳಿಗೆ ತಲೆ ಸರಿಯಿಲ್ಲ, ಪಾನಕ ಕುಡೀರಿ ಪ್ರಭು ಅಂದ. ಅದರಲ್ಲೇನಿದೆ, ನಡೀರಿ ನೋಡೋಣ ಅಂತ ರಾಜ ಎದ್ದೇಬಿಟ್ಟ.

ಏರಿ ಉದ್ದಕ್ಕೂ ನಡೆದ್ರು. ಗಾಣ ಇಲ್ಲ, ಲಾಳಿ ಇಲ್ಲ, ಕೊಂಬಿಲ್ಲ, ಮಡಕೆ ಇಲ್ಲ. ತೂತಿನ ಹತ್ರ ಬಂದಾಗ ರಾಜನ ಕಾಲು ಮೊಣಕಾಲವರೆಗೂ ಕೆಸರಿಗೆ ಹೂತು, ಜರಿಯ ಜೋಡು ಅಲ್ಲೇ ಉಳೀತಂತೆ. ಬರಿಗಾಲಲ್ಲಿ ವಾಪಸ್ ಬಂದು ಮಂಟಪದ ಕಂಬಕ್ಕೆ ಒರಗಿದ್ರೆ, ಕೈ ಕೆಳಗೇ ಒಂದು ಮಡಕೆ, ಕಂಠ ಸಮೇತ.

ಮುದ್ದವ್ವ ಮಾತಾಡಿದ್ಲು.

"ಕಲ್ಲು ಕೊಡಲ್ಲ ಅಂತ ನಾವು ಯಾವತ್ತೂ ಅನ್ನಲಿಲ್ಲ ಬುದ್ಧಿ. ಕೊಟ್ಟ ಕಲ್ಲು ಎಲ್ಲಿಗೆ ಹೋಯ್ತು ಅಂತ ಕೇಳ್ತಾ ಇದೀವಿ."

ಆಗ ಸಂಗಪ್ಪ ಗೋಡೆ ಹತ್ರ ಹೋಗಿ, ನನ್ನ ಲಾಳಿ ಇಲ್ಲಿದೆ ಅಂದ. ಗಾಣಿಗರು ನಮ್ಮದಿಲ್ಲಿ ಅಂದ್ರು, ಕುರುಬರು ನಮ್ಮದಿಲ್ಲಿ ಅಂದ್ರು. ಅವರವರ ಕಲ್ಲು ಅವರವರು ಕಿತ್ತು ಏರಿಗೆ ಹೊತ್ತು ಹಾಕಿ ಅಂತ ರಾಜ ಅಪ್ಪಣೆ ಕೊಟ್ಟನಂತೆ. ಸಂಜೆಯೊಳಗೆ ಮಂಟಪ, ಗೋಡೆ, ಕಚೇರಿ ಮೂರೂ ಏರಿ ಸೇರಿದ್ವು, ತೂತು ಮುಚ್ಚಿತು. ಹಾಗಾದ್ರೆ ನಾನು ಎಲ್ಲಿ ಕೂತು ಎಣಿಸಲಿ ಪ್ರಭು ಅಂತ ಸುಬ್ಬರಾಜಯ್ಯ ಅಳುಮೋರೆ ಮಾಡಿದ್ರೆ, ರಾಜ ಕೆಳಗೆ ಮುದ್ದವ್ವನ ಆವಿಗೆ ಪಕ್ಕದ ಜಾಗ ತೋರಿಸಿ, ಅಲ್ಲಿ ಗುಡಿಸಲು ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಇರು ಅಂದನಂತೆ.

ಅವತ್ತಿಂದ ಆ ಏರಿಯಲ್ಲಿ ಹನಿ ನೀರು ಜಿನುಗಿದ್ರೂ ಊರಿಗಿಂತ ಮೊದಲು ಸುಬ್ಬರಾಜಯ್ಯನೇ ಮಣ್ಣಿನ ಮಂಕರಿ ಹೊತ್ತು ಓಡ್ತಿದ್ದನಂತೆ. ಮುದ್ದವ್ವನ ಆವಿಗೆ ಒಣಗಿ, ಮಡಕೆ ಬಡಿದ್ರೆ ಗಂಟೆ ಹಾಗೆ ಠಣ್ ಅಂತಿದ್ವಂತೆ. ಮರುವರ್ಷ ಎಲ್ಲರಿಗಿಂತ ಮೊದಲು ಕಲ್ಲು ತಂದವಳು ಅವಳೇ. ತಂದು, ಅವನ ಕೈಗೆ ಕೊಡದೆ, ತಾನೇ ಏರಿ ಹತ್ತಿ ಕೂರಿಸಿ ಬಂದ್ಲಂತೆ. ಕಂಠ ಇದೆಯಾ ಅಂತ ಅವನೂ ಕೇಳಲಿಲ್ಲ.

ಏರಿ ನಿಂತಿತು, ನೀರು ನಿಂತಿತು, ನನ್ನ ಕತೇನೂ ಇಲ್ಲಿಗೆ ನಿಂತಿತು. ಕಣ್ಣು ಮುಚ್ಚು ಪುಟ್ಟೀ.