ಎಂಟು ಕಾಲಿನ ಪಾಚಿಯವ್ವ ಧೂಳಾದದ್ದು

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಹೋಗಿರಲಿಲ್ಲ. ಬಂಡೆ ಮುಟ್ಟಿದರೆ ಒಳಗಿನ ಬಿಸಿ ತಾಗುತ್ತಿತ್ತು. ಜೀವಗಳೆಲ್ಲ ಹುಟ್ಟಿಯಾಗಿತ್ತು, ಯಾರು ಯಾವ ಕುಲ ಅನ್ನೋದು ಮಾತ್ರ ತಿಳಿದಿರಲಿಲ್ಲ. ಬೆಕ್ಕು ಅಳಿಲನ್ನು ತಂಗಿ ಅಂತ ಕರೆದು, ಮಾರನೇ ದಿನ ತಿಂದುಬಿಡುತ್ತಿತ್ತು.

ಅದಕ್ಕೇ ಕಾಟವ್ವ ಅನ್ನೋ ಮುದುಕಿ ಬಂಡೆ ಮೇಲೆ ಮೊರ ಇಟ್ಟುಕೊಂಡು ಕೂತಳು. ಇರುವೆಯ ಹಲ್ಲು ಎಣಿಸೋ ಕಣ್ಣು ಅವಳದು. ದೊಡ್ಡವರನ್ನು ಎದುರಿಗೆ ನಿಲ್ಲಿಸಿ, ಚಿಕ್ಕವರನ್ನು ಮೊರದಲ್ಲಿ ಹಾಕಿ, ಉಗುರು ನೋಡೋಳು, ಬಾಯಿ ನೋಡೋಳು, ಮೊಟ್ಟೆಯೋ ಮರಿಯೋ ಅದನ್ನೂ ನೋಡೋಳು. ಹೊಂದೋರ ಜೊತೆ ಸೇರಿಸಿ ಬೆನ್ನಿಗೊಂದು ಸುಣ್ಣದ ಬೊಟ್ಟು ಇಡೋಳು.

ಬೊಟ್ಟು ಬಿದ್ದವರ ಮಕ್ಕಳು ಕಳೆದುಹೋದರೆ ಕುಲದವರೆಲ್ಲ ಸೇರಿ ಹುಡುಕಿ ತರಬೇಕು. ಅದು ಕಟ್ಟಳೆ. ಬೊಟ್ಟಿಲ್ಲದವರ ಮಕ್ಕಳನ್ನು ಯಾರೂ ಹುಡುಕೋದಿಲ್ಲ.

ಅವಳ ಗಂಡ ಪಾಲಯ್ಯ ಬಂಡೆಯ ಬುಡದಲ್ಲಿ ನಿಂತು ಕೂಗೋನು. "ಒದ್ದೆ ಮೈಯಲ್ಲಿ ಬರಬ್ಯಾಡ್ರಪ್ಪ, ಸುಣ್ಣ ಹಿಡಿಯಲ್ಲ. ಒಣಗಿಸ್ಕೊಂಡು ಬರ್ರಿ."

ಮೀನು ಕೂಡ ಮೈ ಒರೆಸಿಕೊಂಡು, ಉಸಿರು ಕಟ್ಟಿ ಬಂದು, ಬೊಟ್ಟು ಇಡಿಸಿಕೊಂಡು ನೀರಿಗೆ ಹಾರಿತು.

ಆ ಬಂಡೆಯ ನೆರಳಿನ ಪಾಚಿಯಲ್ಲಿ ಒಬ್ಬ ತಾಯಿ ಇದ್ದಳು. ಸಾಸಿವೆಕಾಳಿನ ಮುಂದೆ ಅವಳು ಏನೇನೂ ಅಲ್ಲ. ಎಂಟು ಮೊಂಡು ಕಾಲು. ಪೊರೆ ಬಿಟ್ಟು, ಆ ಪೊರೆಯನ್ನೇ ಚೀಲ ಮಾಡಿ, ಒಳಗೆ ಐದು ಮೊಟ್ಟೆ ಇಟ್ಟಿದ್ದಳು.

ಮೊದಲು ಜೇಡನ ಹತ್ತಿರ ಹೋದಳು. "ಅಣ್ಣಾ, ನನಗೂ ಎಂಟೇ ಕಾಲು."

"ನೇಯೋಕೆ ಬರ್ತದಾ?"

"ಇಲ್ಲ."

"ಹಂಗಾದ್ರೆ ಎಂಟಿದ್ದು ಏನ್ ಬಂತು? ಮುಂದಕ್ಕೆ ಹೋಗವ್ವ."

ಎರೆಹುಳುವಿನ ಹತ್ತಿರ ಹೋದಳು. "ಅಕ್ಕಾ, ನನ್ನ ಮೈಯೂ ನಿನ್ನಂಗೇ ಮೆತ್ತಗೈತಿ."

"ಅಷ್ಟು ಕಾಲು ಇಟ್ಕೊಂಡು ನಮ್ಮ ಮನೆಗೆ ಬಂದ್ರೆ ನಾಲ್ಕು ಜನ ಏನಂತಾರೆ?"

ಕರಡಿಯ ಹತ್ತಿರ ಹೋದಳು. ನಡಿಗೆ ಅದರಂಥದೇ. ಕರಡಿ ನೆಲಕ್ಕೆ ಮೂಗು ಹಚ್ಚಿ ಹುಡುಕಿತು. "ದನಿ ಬರ್ತೈತಿ, ಆಳೇ ಕಾಣಲ್ಲ," ಅಂತ ಹೊರಟುಹೋಯಿತು.

"ಕಾಟವ್ವನ ಹತ್ತಿರಾನೇ ಹೋಗ್ತೀನಿ," ಅಂದಳು ಪಾಚಿಗೆ.

"ಒಣಗಬೇಕಂತಲ್ಲೇ. ಹುಟ್ಟಿದಾಗಿಂದ ನೀನು ಒಣಗಿದೋಳಲ್ಲ."

"ನನಗಲ್ಲವ್ವ, ಈ ಐದಕ್ಕೆ. ನಾಳೆ ಇವು ತಪ್ಪಿಸಿಕೊಂಡ್ರೆ ಹುಡುಕೋಕೆ ನಾಲ್ಕು ಜನ ಬೇಕಲ್ಲ."

ಮೊಟ್ಟೆಚೀಲ ಎಳೆದುಕೊಂಡು ಮೊರ ಹತ್ತಿದಳು. ಸರದಿ ಬರೋವರೆಗೆ ಅಲ್ಲೇ ಬಿಸಿಲಿಗೆ ಮೈ ಒಡ್ಡಿದಳು. ಒಂದು ಕಾಲು ಮುದುಡಿ ಮೈಯೊಳಗೆ ಹೋಯಿತು. ಇನ್ನೊಂದು ಹೋಯಿತು. ಎಂಟೂ ಹೋದವು. ಬಾಯಿ ಮುಚ್ಚಿತು. ಕೂಗೋಣ ಅಂದರೆ ದನಿಯೂ ಒಣಗಿತ್ತು.

ಕಾಟವ್ವ ಬಗ್ಗಿ ನೋಡಿದಳು. ಉಗುರಿಲ್ಲ, ಬಾಯಿಲ್ಲ. ಮೊಟ್ಟೆಚೀಲ ತೌಡಿನ ಚೂರಿನಂತೆ ಕಂಡಿತು.

"ಬೆಳಗ್ಗೆಯಿಂದ ಕೂಗೋದೇ ಆಯ್ತು, ಮೊರ ಕೊಡವೋಕೆ ಕೈ ಇಲ್ಲೇನು?" ಅಂತ ಗಂಡನನ್ನು ಬೈದು, ರಾಗಿ ಕೇರೋ ಹಾಗೆ ಎರಡು ಸಲ ಕೇರಿದಳು. ಗಾಳಿ ಎತ್ತಿಕೊಂಡು ಹೋಯಿತು.

ಎಷ್ಟು ಬೇಸಿಗೆ ಕಳೆದವೋ. ಯಾವುದೋ ಗೋಡೆಯ ಮೇಲೆ ಒಂದು ಹನಿ ಬಿತ್ತು. ಅವಳ ಕಾಲುಗಳು ಬಿಚ್ಚಿಕೊಂಡವು. ಪಕ್ಕದಲ್ಲಿ ಚೀಲ ಇರಲಿಲ್ಲ.

"ಗಾಳಿಯಪ್ಪಾ, ನನ್ನ ಐದು ಎಲ್ಲಿ ಬಿಟ್ಟೆ?"

"ಮೊಟ್ಟೆ ಅಂತ ನನಗೇನು ಗೊತ್ತವ್ವ? ಧೂಳು ಅಂತ ಕೊಟ್ರು, ಧೂಳು ಹಾಕೋ ಕಡೆ ಹಾಕ್ದೆ. ಒಂದೊಂದು ಒಂದೊಂದು ಊರು. ಯಾವುದು ಅಂತ ಹೇಳಲಿ?"

ಒಣಗುತ್ತ, ನೆನೆಯುತ್ತ, ನಡೆಯುತ್ತ ಅವಳು ಬಂಡೆಗೆ ವಾಪಸು ಬಂದಳು. ಕಾಟವ್ವ ಆಗ ಎದ್ದು ಹೊರಡೋದರಲ್ಲಿದ್ದಳು. ಅಂಗೈಯಲ್ಲಿ ಹನಿ ನೀರು ಬಿಟ್ಟು ಅವಳನ್ನು ಬೆಳಕಿಗೆ ಹಿಡಿದಳು.

"ಎಂಟು ಕಾಲು. ಕಾಲಿಗೆ ನಾಲ್ಕು ಉಗುರು, ಎರಡು ಉದ್ದ, ಎರಡು ಗಿಡ್ಡ. ಬಾಯಿ ಕೊಳವೆ." ಅಂಗೈ ಓರೆ ಮಾಡಿ ಇನ್ನೊಂದು ಸಲ ಎಣಿಸಿದಳು. "ನೋಡ್ರಿ, ಇದು ಯಾರ ಪೈಕಿನೂ ಅಲ್ಲ. ಇದೇ ಒಂದು ಹೊಸ ಕುಲ. ಸುಣ್ಣ ತರ್ರಿ."

ಪಾಲಯ್ಯ ಸುಣ್ಣದ ಮಡಕೆ ಬೋರಲು ಹಾಕಿದ. ಏನೂ ಬೀಳಲಿಲ್ಲ.

"ಮೊಟ್ಟೆ ಎಲ್ಲವ್ವ ನಿಂದು?" ಅಂದಳು ಕಾಟವ್ವ.

"ನೀನೇ ಕೇರಿದೆಯಲ್ಲವ್ವ."

ಕಾಟವ್ವ ಆಮೇಲೆ ಮೊರ ಮುಟ್ಟಲಿಲ್ಲ. ಹುಡುಕೋಕೆ ಕುಲದವರನ್ನು ಕರೆಯೋಣ ಅಂದರೆ ಆ ಕುಲಕ್ಕೆ ಅವಳೊಬ್ಬಳೇ. ಐದು ಮೊಟ್ಟೆ ಐದು ಊರಲ್ಲಿ ಒಡೆದವು. ಮರಿಗಳಿಗೆ ತಾಯಿಯ ಗುರುತಿಲ್ಲ, ತಾಯಿಗೆ ಊರಿನ ಗುರುತಿಲ್ಲ.

ಅದಕ್ಕೇ ಮಗಾ, ಇವತ್ತಿಗೂ ಗೋಡೆಯ ಒಣಪಾಚಿ ಕೆರೆದು, ಹನಿ ನೀರು ಬಿಟ್ಟು, ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಧೂಳಿನ ಒಂದು ಕಣ ಎಂಟು ಕಾಲು ಬಿಚ್ಚಿ, ಮೆಲ್ಲಗೆ ಆ ಕಡೆ ಈ ಕಡೆ ತಡಕಾಡುತ್ತ ಹೋಗೋದು ಕಾಣುತ್ತದೆ.