ಹೊನ್ನಮ್ಮ ಹೇಳಬೇಕೆಂದಿದ್ದ ಮಾತು

ತಿಪಟೂರಿನ ಬಸ್ ನಿಲ್ದಾಣದ ಹತ್ತಿರ ಹೊನ್ನಮ್ಮ ಎಂಬಾಕೆ ಮೂವತ್ತು ವರ್ಷ ಇಡ್ಲಿ ಮಾರಿದಳು. ಸೌದೆ ಒಲೆಯ ಹೊಗೆ ಕುಡಿದು ಕುಡಿದು ಅವಳ ಶ್ವಾಸಕೋಶ ಸೋತಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮಗ ಲೋಕೇಶ, ಮಗಳು ಸುಧಾಮಣಿ ಇಬ್ಬರೂ ಅದೇ ಊರಿನಲ್ಲಿದ್ದರು. ಇಬ್ಬರಿಗೂ ತಾಯಿ ಅಂದರೆ ಪ್ರಾಣ.

ಒಮ್ಮೆ ಡಾಕ್ಟರು ಹೇಳಿದರು: "ಈ ಕಾಯಿಲೆ ಪೂರ್ತಿ ವಾಸಿಯಾಗಲ್ಲ ಹೊನ್ನಮ್ಮ. ಮುಂದೆ ಜಾಸ್ತಿಯಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಈಗಲೇ ಮಕ್ಕಳ ಹತ್ತಿರ ಮಾತಾಡಿ."

ಅವತ್ತು ಸಂಜೆಯೇ ಹೊನ್ನಮ್ಮ ಮಾತು ತೆಗೆದಳು.

"ಲೋಕೇಶ, ನಾಳೆ ನನಗೆ ಪ್ರಜ್ಞೆ ತಪ್ಪಿದ್ರೆ..."

"ಅಮ್ಮಾ, ಬಿಡ್ತು ಅನ್ನು!" ಎಂದು ಲೋಕೇಶ ಧಡಕ್ಕನೆ ಎದ್ದ.

ಮುಂದಿನ ವಾರ ಮತ್ತೆ ಹೇಳಹೋದಳು. ಅವನು ಫೋನ್ ಬಂತೆಂದು ಹೊರಗೆ ಹೋದ. ಸುಧಾಮಣಿ ಕಣ್ಣೊರೆಸಿಕೊಂಡು ಪಾತ್ರೆ ತೊಳೆಯಲು ಎದ್ದಳು. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಕರೆದು ಕೂರಿಸಿದ ಹಾಗೆ ಎಂದು ಇಬ್ಬರಿಗೂ ಭಯ. ಹೊನ್ನಮ್ಮ ಆ ಮಾತು ತೆಗೆಯುವುದನ್ನೇ ಬಿಟ್ಟಳು.

ಆಷಾಢದ ಒಂದು ಬೆಳಿಗ್ಗೆ ಅವಳು ಬಚ್ಚಲಲ್ಲಿ ಕುಸಿದುಬಿದ್ದಳು. ಆಸ್ಪತ್ರೆಗೆ ಸೇರಿಸಿದಾಗ ತುಟಿ ನೀಲಿಯಾಗಿತ್ತು.

ಡಾಕ್ಟರು ಕೇಳಿದರು: "ಗಂಟಲಿಗೆ ನಳಿಗೆ ಇಳಿಸಿ ಉಸಿರಾಟದ ಯಂತ್ರಕ್ಕೆ ಹಾಕಬೇಕು. ಇದರ ಬಗ್ಗೆ ಅವರು ಮೊದಲೇ ಏನಾದ್ರೂ ಹೇಳಿದ್ರಾ?"

ಅವಳು ಹೇಳಹೊರಟಾಗಲೆಲ್ಲ ಇಬ್ಬರೂ ಎದ್ದುಹೋಗಿದ್ದರು.

"ಹಾಕಿ ಸಾರ್, ಏನೇ ಆಗ್ಲಿ ಉಳಿಸಿ," ಎಂದ ಲೋಕೇಶ.

"ಅಮ್ಮಂಗೆ ಒಂದು ಸೂಜಿ ಚುಚ್ಚಿದ್ರೂ ತಡ್ಕೊಳ್ಳೋಕಾಗಲ್ಲ ಕಣೋ," ಎಂದಳು ಸುಧಾಮಣಿ. " ಅವಳಿಗೆ ಇದು ಬೇಕಾ?"

"ಹಾಗಾದ್ರೆ ಸಾಯಲಿ ಅಂತೀಯಾ?"

ಆ ಮಾತು ಸುಧಾಮಣಿಯ ಎದೆಗೆ ನಾಟಿತು. ಡಾಕ್ಟರು ಕಾಯುವ ಹಾಗಿರಲಿಲ್ಲ, ಯಂತ್ರಕ್ಕೆ ಹಾಕಿದರು. ಅಣ್ಣ ತಂಗಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಕೂರಲಾಗದೆ ಎದ್ದರು. ಲೋಕೇಶ ಬಾಗಿಲಿನ ತನಕ ಹೋಗುವನು, ಬರುವನು. ಅಮ್ಮನನ್ನು ಹಿಂಸೆ ಮಾಡುತ್ತಿದ್ದೇನಾ ಎಂದು ಅವನ ಸಂಕಟ. ಬೇಡ ಎಂದೆನಲ್ಲ, ನಾನೆಂಥ ಮಗಳು ಎಂದು ಅವಳ ಸಂಕಟ. ಒಂಬತ್ತು ದಿನ ಇಬ್ಬರ ನಡುವೆ ಮಾತಿಲ್ಲ. ಅನ್ನವೂ ಸೇರಲಿಲ್ಲ.

ಹತ್ತನೆಯ ದಿನ ನಳಿಗೆ ತೆಗೆದರು. ಹೊನ್ನಮ್ಮ ಬದುಕಿದಳು. ಅವಳ ದನಿ ಒಡೆದುಹೋಗಿತ್ತು.

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಳು.

"ಕೇಳೋಕೆ ನಿನಗೆ ಎಚ್ಚರ ಎಲ್ಲಿತ್ತಮ್ಮ?" ಎಂದ ಲೋಕೇಶ.

"ಎಚ್ಚರ ಇದ್ದಾಗ ನೀನು ಕೂತ್ಕೊಂಡ್ಯಾ?"

ಈ ಸಲ ಲೋಕೇಶ ಏಳಲಿಲ್ಲ. ಮಂಚದ ಪಕ್ಕದಲ್ಲೇ ಕೂತ. ಹೊನ್ನಮ್ಮ ಹೇಳಿದಳು:

"ಇನ್ನೊಂದು ಸಲ ಹಿಂಗಾದ್ರೆ, ಮತ್ತೆ ಎದ್ದು ಓಡಾಡ್ತಾರೆ ಅಂತ ಡಾಕ್ಟರು ಹೇಳಿದ್ರೆ ಮಾತ್ರ ಯಂತ್ರ ಹಾಕ್ಸಿ. ಇಲ್ಲಾಂದ್ರೆ ಬೇಡ. ನೋವು ಕಡಿಮೆ ಮಾಡೋ ಔಷಧಿ ಕೊಡ್ಸಿ, ಮನೆಗೆ ಕರ್ಕೊಂಡು ಹೋಗಿ. ನನ್ನ ಪರವಾಗಿ ಸುಧಾ ಮಾತಾಡ್ಲಿ."

"ಯಾಕೆ, ನಾನು ಮಗ ಅಲ್ವಾ?"

"ನಿನಗೆ ನನ್ನ ಬಿಡೋಕೆ ಆಗಲ್ಲ ಕಣಪ್ಪ. ಅವಳು ಅತ್ತುಕೊಂಡಾದ್ರೂ ಹೇಳ್ತಾಳೆ."

ಅದನ್ನೆಲ್ಲ ಬರೆಸಿ, ಸಾಕ್ಷಿಗಳನ್ನು ಕೂರಿಸಿಕೊಂಡು ನೋಟರಿ ಎದುರು ಹೊನ್ನಮ್ಮ ಸಹಿ ಹಾಕಿದಳು. ಡಾಕ್ಟರಿಗೂ ಒಂದು ಪ್ರತಿ ಹೋಯಿತು.

ಮರುವರ್ಷ ಮತ್ತೆ ಉಸಿರು ಕಟ್ಟಿ ಪ್ರಜ್ಞೆ ತಪ್ಪಿತು. ಈ ಸಲ ಚೇತರಿಕೆಯ ಭರವಸೆ ಇಲ್ಲ ಎಂದರು ಡಾಕ್ಟರು. ಸುಧಾಮಣಿ ಅಮ್ಮ ಸಹಿ ಹಾಕಿದ್ದ ಕಾಗದ ತೆಗೆದಳು. ಅಣ್ಣನ ಕಡೆ ನೋಡಿದಳು. ಇನ್ನೊಂದು ಸಲ ಪ್ರಯತ್ನಿಸಿ ಎಂಬ ಮಾತು ಲೋಕೇಶನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. "ಹೇಳಮ್ಮ ಸುಧಾ, ನಾನಿದೀನಿ," ಎಂದ.

ಅವಳು ಹೇಳಿದಳು.

ಹೊನ್ನಮ್ಮನನ್ನು ಮನೆಗೆ ತಂದರು. ಆರು ದಿನ ಇದ್ದಳು. ಏದುಸಿರು ತಗ್ಗಲು ಔಷಧಿ ಕೊಡುತ್ತಿದ್ದರು. ಎಚ್ಚರವಾದಾಗ ಗಂಜಿಗೆ ಉಪ್ಪು ಸಾಲದು ಎಂದು ಮಗಳನ್ನು ಬೈದಳು, ಮೊಮ್ಮಕ್ಕಳ ತಲೆ ಸವರಿದಳು. ಏಳನೆಯ ದಿನ ಮಧ್ಯಾಹ್ನ ಮಗನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ಅಣ್ಣ ತಂಗಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನೀನು ಹಾಗೆ ಮಾಡಬಾರದಿತ್ತು ಎಂಬ ಮಾತು ಆ ಮನೆಯಲ್ಲಿ ಯಾವತ್ತೂ ಹುಟ್ಟಲಿಲ್ಲ.

ನೀತಿ: ಕಾಯಿಲೆಯ ಮಾತಾಡಿದ ಮಾತ್ರಕ್ಕೆ ಸಾವು ಬೇಗ ಬರುವುದಿಲ್ಲ, ಆಡದಿದ್ದರೆ ತಡವಾಗುವುದೂ ಇಲ್ಲ. ನಮ್ಮ ಚಿಕಿತ್ಸೆ ಹೇಗಿರಬೇಕು, ನಮ್ಮ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ಬುದ್ಧಿ ನೆಟ್ಟಗಿರುವಾಗಲೇ ನಮ್ಮವರಿಗೆ ಹೇಳಿಡಬೇಕು. ಹಿರಿಯರು ಆ ಮಾತು ತೆಗೆದಾಗ ಎದ್ದುಹೋಗದೆ ಕೂತು ಕೇಳುವುದೂ ಅವರ ಸೇವೆಯೇ.